ಮಂಗಳೂರು–ದುಬೈ ಪ್ರಯಾಣದ ಚೀಟಿಯಲ್ಲಿನ ಬದಲಾವಣೆ ಕುರಿತು

ಮಾನ್ಯ ಗ್ರಾಹಕರೇ,

ದುಬೈಗೆ ಟಿಕೆಟ್ ಮಾಡಿಸಿದವರಿಗೆ ನಮ್ಮ ಕಚೇರಿಯಿಂದ ಕನ್ನಡದಲ್ಲಿ ಕೊಡುತ್ತಿರುವ ಪ್ರಯಾಣದ ಚೀಟಿಯನ್ನು ಮುಂದಿನ ತಿಂಗಳ 1ರಿಂದ ಬದಲಿಸುತ್ತಿದ್ದೇವೆ. ಇದಕ್ಕೆ ಕಾರಣವಾದ ತಪ್ಪು ನಮ್ಮದೇ ಆದ್ದರಿಂದ ವಿವರವಾಗಿ ತಿಳಿಸಬೇಕಾಗಿದೆ.

ಇದುವರೆಗೆ ‘ಪ್ರಯಾಣದ ಅವಧಿ’ ಎಂದು ನಾವು ಬರೆಯುತ್ತಿದ್ದುದು ತಲುಪುವ ಹೊತ್ತಿನಲ್ಲಿ ಹೊರಡುವ ಹೊತ್ತನ್ನು ಕಳೆದ ಲೆಕ್ಕ. ಉದಾಹರಣೆಗೆ, ಮಂಗಳೂರಿನಿಂದ ಬೆಳಿಗ್ಗೆ 10ಕ್ಕೆ ಹೊರಟ ವಿಮಾನ ದುಬೈ ಗಡಿಯಾರದಲ್ಲಿ 12.15ಕ್ಕೆ ಇಳಿದರೆ 2 ಗಂಟೆ 15 ನಿಮಿಷ. ಅಲ್ಲಿಂದ ಮಧ್ಯಾಹ್ನ 1.30ಕ್ಕೆ ಹೊರಟು ಇಲ್ಲಿ ಸಂಜೆ 6.25ಕ್ಕೆ ಇಳಿದರೆ 4 ಗಂಟೆ 55 ನಿಮಿಷ. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದಿದೆ ಎಂಬುದನ್ನು ಈ ಲೆಕ್ಕ ಗಮನಿಸಿರಲೇ ಇಲ್ಲ. ವಿಮಾನದೊಳಗೆ ತಾವು ನಿಜವಾಗಿ ಕಳೆಯುವುದು ಹೋಗುವಾಗ 3 ಗಂಟೆ 45 ನಿಮಿಷ, ಬರುವಾಗ 3 ಗಂಟೆ 25 ನಿಮಿಷ. ‘ಬರುವಾಗ ವಿಮಾನ ಯಾಕೆ ಇಷ್ಟು ನಿಧಾನ’ ಎಂದು ಹಲವರು ಕೇಳಿದ್ದುಂಟು. ವಾಸ್ತವ ಅದಕ್ಕೆ ತಿರುಗುಮುರುಗು: ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ, ಮುಖ್ಯವಾಗಿ ಚಳಿಗಾಲದಲ್ಲಿ, ಹೋಗುವಾಗ ಎದುರಾಗುತ್ತದೆ, ಬರುವಾಗ ಹಿಂದಿನಿಂದ ನೂಕುತ್ತದೆ. ಸಕ್ಕರೆ ಕಾಯಿಲೆಯಿದ್ದ ಹಿರಿಯರೊಬ್ಬರು ಎರಡು ಗಂಟೆಯ ದಾರಿಯೆಂದು ನಮ್ಮ ಚೀಟಿಯನ್ನೇ ನಂಬಿ, ಊಟ ಮಾಡದೆ ವಿಮಾನ ಹತ್ತಿ ಬಳಲಿದ ಮೇಲೆಯೇ ನಾವು ಎಚ್ಚೆತ್ತದ್ದು. ಅವರಲ್ಲಿ ಕ್ಷಮೆ ಕೇಳಿದ್ದೇವೆ.

ದೂರದ ಅಂಕಿಯೂ ಗೊಂದಲಕ್ಕೆ ಎಡೆಮಾಡಿತ್ತು. ಚೀಟಿಯಲ್ಲಿದ್ದ 1,330 ಎಂಬುದು ವಿಮಾನಯಾನದವರು ಬಳಸುವ ನಾಟಿಕಲ್ ಮೈಲಿಯ ಲೆಕ್ಕ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಇನ್ನು ಮುಂದೆ ಸುಮಾರು 2,460 ಕಿ.ಮೀ. ಎಂದೇ ಬರೆಯುತ್ತೇವೆ. ಇದು ಅರಬ್ಬೀ ಸಮುದ್ರದ ಮೇಲಿನ ನೇರ ದೂರ. ವಿಮಾನ ಹಾರುವ ದಾರಿ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ.

ಹೊಸ ಚೀಟಿಯಲ್ಲಿ ಹೊರಡುವ ಮತ್ತು ತಲುಪುವ ಹೊತ್ತಿನ ಮುಂದೆ ಅದು ಯಾವ ಊರಿನ ಸಮಯವೆಂದು ನಮೂದಿಸಿ, ಅವಧಿಯನ್ನು ಪ್ರತ್ಯೇಕವಾಗಿ ಕೊಡುತ್ತೇವೆ. ಅರಬ್ ಎಮಿರೇಟ್ಸ್‌ನಲ್ಲಿ ಬೇಸಿಗೆಗೆಂದು ಗಡಿಯಾರ ಮುಂದಿಡುವ ಪದ್ಧತಿ ಇಲ್ಲದಿರುವುದರಿಂದ ಒಂದೂವರೆ ಗಂಟೆಯ ವ್ಯತ್ಯಾಸ ವರ್ಷವಿಡೀ ಹಾಗೆಯೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ನಡುರಾತ್ರಿಯ ವಿಮಾನಗಳ ತಾರೀಕು. 2022ರ ಜನವರಿಯಿಂದ ಅಲ್ಲಿನ ಸರ್ಕಾರಿ ಕಚೇರಿಗಳ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾದ ಮೇಲೆ, ಶುಕ್ರವಾರ ಕೆಲಸ ಮುಗಿಸಿ ಊರಿಗೆ ಹೊರಡಲು ಬಯಸುವವರು ನಮ್ಮಲ್ಲಿ ಹೆಚ್ಚಿದ್ದಾರೆ. ಅವರು ‘ಶುಕ್ರವಾರ ರಾತ್ರಿ ಹನ್ನೆರಡೂವರೆ’ ಎನ್ನುವ ವಿಮಾನ ಟಿಕೆಟ್ಟಿನಲ್ಲಿ ಶನಿವಾರದ ತಾರೀಕಿನಲ್ಲಿರುತ್ತದೆ. ಅದನ್ನು ನೋಡಿ ಶನಿವಾರ ರಾತ್ರಿ ನಿಲ್ದಾಣಕ್ಕೆ ಹೋದವರು ವಿಮಾನ ತಪ್ಪಿಸಿಕೊಂಡಿರುತ್ತಾರೆ. ಆದ್ದರಿಂದ ಇಂತಹ ಪ್ರಯಾಣಗಳಿಗೆ ‘ಶುಕ್ರವಾರ ರಾತ್ರಿ 9.30ಕ್ಕೆ ನಿಲ್ದಾಣದಲ್ಲಿರಿ’ ಎಂಬಂತೆ, ವಿಮಾನದ ಹೊತ್ತಿಗಿಂತ ಮೂರು ಗಂಟೆ ಮೊದಲಿನ ವಾರ ಮತ್ತು ಸಮಯವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸುತ್ತೇವೆ.

ಹಳೆಯ ಚೀಟಿ ಪಡೆದು ಇನ್ನೂ ಪ್ರಯಾಣಿಸದವರು ಅದನ್ನು ಕಚೇರಿಗೆ ತಂದು ಅಥವಾ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ಹೊಸದನ್ನು ಉಚಿತವಾಗಿ ಪಡೆಯಬಹುದು. ಟಿಕೆಟ್ಟಿನಲ್ಲಿ ಯಾವ ಬದಲಾವಣೆಯೂ ಇಲ್ಲ.

ಇಂತು ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು