ಗಣಿ ಗುಂಡಿಯನ್ನು ಸರೋವರ ಎಂದು ತೋರಿಸಿದ ಚಾರಣದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಚಾರಣ ಆಯೋಜಿಸಿದ ಸಂಸ್ಥೆ,
ಬೆಂಗಳೂರು

ವಿಷಯ: ಸಂಡೂರು ಗುಡ್ಡಗಳ ಸುತ್ತುದಾರಿ ಚಾರಣದಲ್ಲಿ ಕೊಟ್ಟ ತಪ್ಪು ಮಾಹಿತಿ, ಅದರಿಂದ ಮಗುವಿಗೆ ಎದುರಾದ ಅಪಾಯ ಮತ್ತು ಹಣ ವಾಪಸಾತಿ ಬಗ್ಗೆ

ಮಾನ್ಯರೇ,

ಕಳೆದ ತಿಂಗಳ ಎರಡನೇ ಭಾನುವಾರ ನಾನು, ನನ್ನ ಗಂಡ, ಹತ್ತು ವರ್ಷದ ಮಗ ಮತ್ತು ನಾದಿನಿ ನಿಮ್ಮ ಚಾರಣಕ್ಕೆ ಬಂದಿದ್ದೆವು. ತಲೆಗೆ 1,200ರಂತೆ 4,800 ರೂಪಾಯಿ ಕಟ್ಟಿದ್ದೆವು. ನಿಮ್ಮ ಜಾಹೀರಾತಿನಲ್ಲಿ ಹೀಗಿತ್ತು: 9 ಕಿಲೋಮೀಟರ್ ಸುತ್ತುದಾರಿ, ಸುಲಭ ನಡಿಗೆ, ಮಕ್ಕಳೂ ಬರಬಹುದು, ನಡುವೆ ನೈಸರ್ಗಿಕ ನೀಲಿ ಸರೋವರದಲ್ಲಿ ಈಜು. ಆ ಕೊನೆಯ ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಅದು ಸರೋವರ ಅಲ್ಲ. ಅದಿರು ತೆಗೆದು ಬಿಟ್ಟು ಹೋದ ಮೈನ್ಸ್ ಗುಂಡಿ, ಮಳೆ ನೀರು ನಿಂತಿದೆ ಅಷ್ಟೇ.

ಬೆಳಿಗ್ಗೆ ಎಲ್ಲಾ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಐದು ಗಂಟೆಗೆ ಬಳ್ಳಾರಿಗೆ ಬಸ್ ಬಂತು. ಮಳೆಗಾಲದ ಹಸಿರು ಇನ್ನೂ ಗುಡ್ಡದ ಮೇಲಿತ್ತು. ಬಳ್ಳಾರಿ ಅಂದರೆ ಬರೀ ಬಿಸಿಲು ಅಂದುಕೊಂಡವರು ಒಮ್ಮೆ ಆ ಹೊತ್ತಿನಲ್ಲಿ ಸಂಡೂರು ನೋಡಬೇಕು. ತಿಂಡಿಯೂ ಚೆನ್ನಾಗಿತ್ತು.

ಆದರೆ 22 ಜನಕ್ಕೆ ಇದ್ದದ್ದು ಒಬ್ಬನೇ ಗೈಡ್. ಚಿಕ್ಕ ಹುಡುಗ, ಮಾತು ಒಳ್ಳೆಯದು. ಆದರೆ ಅವನಿಗೆ ಆ ಜಾಗವೇ ಗೊತ್ತಿರಲಿಲ್ಲ. ಗುಂಡಿಯ ಹತ್ತಿರ ಬಂದಾಗ, ಇಲ್ಲಿ ಬ್ರಿಟಿಷರ ಕಾಲದಲ್ಲಿ ಗಣಿ ಇತ್ತು, ಆಮೇಲೆ ಪ್ರಕೃತಿಯೇ ಇದನ್ನು ಕೆರೆ ಮಾಡಿತು ಅಂದ. ನನಗೆ ಸುಮ್ನೆ ಇರಲು ಆಗಲಿಲ್ಲ. ನಮ್ಮಪ್ಪ ಸಂಡೂರು ಕಡೆಯ ಮೈನ್ಸ್‌ನಲ್ಲಿ 19 ವರ್ಷ ಡ್ರಿಲ್ಲಿಂಗ್ ಕೆಲಸ ಮಾಡಿದವರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆ ದಿನವನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಅಪ್ಪ ಡಬ್ಬಿ ಹಿಡಿದು ಕೆಲಸಕ್ಕೆ ಹೋದವರು ಮಧ್ಯಾಹ್ನಕ್ಕೇ ವಾಪಸ್ ಬಂದಿದ್ದರು. 2013ರ ಏಪ್ರಿಲ್‌ನಲ್ಲಿ ಅದೇ ಕೋರ್ಟ್ ಹೆಚ್ಚು ಅಕ್ರಮ ನಡೆಸಿದ್ದ 'ಸಿ' ವರ್ಗದ ಗಣಿಗಳ ಗುತ್ತಿಗೆ ರದ್ದು ಮಾಡಿತು. ಬ್ರಿಟಿಷರು ಹೋಗಿ ಎಷ್ಟು ಕಾಲವಾಯಿತು? ಇದು ನಮ್ಮ ಕಣ್ಣೆದುರಿನ ಕಥೆ. ಹಣ ಕೊಟ್ಟು ಬಂದವರಿಗೆ ನಿಜ ಹೇಳಬೇಕು ಅಲ್ವಾ?

ಮೇಲಿನಿಂದ ನೋಡಿದರೆ ನೀರು ನಿಜವಾಗಿಯೂ ಚೆಂದ. ನೀಲಿ ಹಸಿರು ಬಣ್ಣ, ಸುತ್ತ ಕೆಂಪು ಗೋಡೆ. ಎಲ್ಲರೂ ಫೋಟೋಗೆ ನಿಂತರು. ಬೇಲಿ ಇಲ್ಲ, ಎಚ್ಚರಿಕೆಯ ಒಂದು ಬೋರ್ಡೂ ಇಲ್ಲ. ಈಜು ಬರುವವರು ಇಳಿಯಬಹುದು, ಮಕ್ಕಳು ದಡದಲ್ಲಿ ಆಡಬಹುದು ಎಂದು ಗೈಡ್ ಹೇಳಿದ. ಆಗ ಆಚೆ ಬದಿಯಿಂದ ಕುರಿ ಕಾಯುವ ಅಜ್ಜ ಒಬ್ಬರು ಕೂಗಿದರು: "ಯವ್ವಾ, ಅದು ಕೆರಿ ಅಲ್ಲ, ಮೈನ್ಸ್ ಗುಂಡಿ. ಹುಡುಗ್ರನ್ನ ಇಳಿಸಬ್ಯಾಡ್ರಿ!"

ಅಷ್ಟರಲ್ಲಿ ನನ್ನ ಮಗ ದಡಕ್ಕೆ ಹೋಗಿ ಆಗಿತ್ತು. ಅವನು ನೀರಿಗೆ ಇಳಿದಿರಲಿಲ್ಲ, ಅಂಚಿನಲ್ಲಿ ನಿಂತಿದ್ದ ಅಷ್ಟೇ. ಅವನ ಕಾಲ ಕೆಳಗಿನ ಮಣ್ಣು ರೊಟ್ಟಿ ಮುರಿದ ಹಾಗೆ ಒಂದು ಚೂರು ಕಳಚಿತು. ಎಡಗಾಲು ಮೊಣಕಾಲಿನವರೆಗೆ ಕೆಸರಿನೊಳಗೆ ಹೋಯಿತು. ಎಳೆದಷ್ಟೂ ಇನ್ನೊಂದು ಕಾಲು ಜಾರುತ್ತಿತ್ತು. ನನ್ನ ಗಂಡ ಹೊಟ್ಟೆ ಮೇಲೆ ಮಲಗಿ ಕೈ ಹಿಡಿದರು. ಆ ಅಜ್ಜ ಆ ವಯಸ್ಸಿನಲ್ಲಿ ಓಡಿ ಬಂದು ತಮ್ಮ ಕೋಲು ಕೊಟ್ಟರು. ಇಬ್ಬರೂ ಸೇರಿ ಎಳೆದಾಗ ಕಾಲು ಬಂತು, ಶೂ ಬರಲಿಲ್ಲ. ಒಂದು ನಿಮಿಷದ ನಂತರ ಶೂ ತಾನಾಗಿ ಮೇಲೆ ತೇಲಿತು, ಸ್ವಲ್ಪ ದೂರ ಹೋಯಿತು, ನಿಧಾನವಾಗಿ ಮುಳುಗಿತು. ದಡದಿಂದ ಅದು ಎರಡು ಮಾರು ದೂರವೂ ಇರಲಿಲ್ಲ. ಮಗ ಅದನ್ನೇ ನೋಡುತ್ತಾ ನಿಂತಿದ್ದ. ಈಗಲೂ ರಾತ್ರಿ ಎದ್ದು ಅಮ್ಮಾ ಶೂ ಅನ್ನುತ್ತಾನೆ.

ಮನೆಗೆ ಬಂದು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ವಿವರಿಸಿದರು. ಅದನ್ನು ನಿಮ್ಮ ಎಲ್ಲಾ ಗೈಡ್‌ಗಳಿಗೂ ಓದಿ ಹೇಳಿ. ಕೆರೆಯ ಅಂಗಳ ಇಳಿಜಾರಾಗಿರುತ್ತದೆ, ಒಂದೊಂದೇ ಹೆಜ್ಜೆಗೆ ಆಳ ಗೊತ್ತಾಗುತ್ತದೆ. ಗಣಿಯನ್ನು ಹಾಗೆ ಅಗೆಯುವುದಿಲ್ಲ. ಮೆಟ್ಟಿಲಿನ ಹಾಗೆ ಬೆಂಚ್ ಕಡಿಯುತ್ತಾ ಇಳಿಯುತ್ತಾರೆ. ಅಪ್ಪನ ಮೈನ್ಸ್‌ನಲ್ಲಿ ಒಂದೊಂದು ಬೆಂಚ್ ಆರು ಮೀಟರ್ ಇತ್ತಂತೆ. ನೀರು ತುಂಬಿದ ಮೇಲೆ ಬೆಂಚ್ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತವರು ಇನ್ನೊಂದು ಹೆಜ್ಜೆ ಇಟ್ಟರೆ ಎರಡಾಳಿಗಿಂತ ಜಾಸ್ತಿ ಆಳ. ಮೇಲೆ ಹತ್ತಲು ಹಿಡಿಯುವುದಕ್ಕೆ ಏನೂ ಇಲ್ಲ, ನೆಟ್ಟಗಿನ ಗೋಡೆ. ದಡದಲ್ಲಿ ಕೂತಿರುವುದು ಮಳೆಗೆ ಕೊಚ್ಚಿ ಬಂದ ಅದಿರಿನ ಪುಡಿ. ಮೇಲೆ ಒಣಗಿ ನೆಲದ ಹಾಗೆ ಕಾಣುತ್ತದೆ, ಒಳಗೆ ಹಿಟ್ಟು ಕಲಸಿದ ಹಾಗಿರುತ್ತದೆ. ಈಜು ಚೆನ್ನಾಗಿ ಬರುವವರೇ ಇಂಥ ಗುಂಡಿಯಲ್ಲಿ ಹೋಗುತ್ತಾರೆ ಮಗಳೇ ಎಂದರು ಅಪ್ಪ.

ಇಷ್ಟಾದ ಮೇಲೂ ದಿನ ಮುಗಿಯಲಿಲ್ಲ. ಸುತ್ತುದಾರಿ ಸುತ್ತು ಬರಲೇ ಇಲ್ಲ. ಮುಂದೆ ದಾರಿ ಒಂದು ಹಳೆ ಡಂಪ್ ಮೇಲೆ ಹೋಗುತ್ತದೆ. ಗಣಿಯಿಂದ ತೆಗೆದು ಬೇಡವೆಂದು ಸುರಿದ ಮಣ್ಣು ಕಲ್ಲಿನ ರಾಶಿ ಅದು. ಮಳೆಗೆ ನಡುವೆ ಕೊರೆದು ಆಳುದ್ದದ ಕೊರಕಲಾಗಿತ್ತು. ಗೈಡ್ ಅದನ್ನು ನಮ್ಮಂತೆ ಅವತ್ತೇ ಮೊದಲು ನೋಡಿದ್ದು. ಮಳೆ ಕಳೆದ ಮೇಲೆ ನಿಮ್ಮವರು ಯಾರೂ ಆ ದಾರಿ ನಡೆದು ನೋಡಿಲ್ಲ ಅಂತ ಅರ್ಥ ಅಲ್ವಾ? ಕೊನೆಗೆ ಅದಿರು ಸಾಗಿಸುವ ರಸ್ತೆಗೆ ಇಳಿದು ಮೂರು ಕಿಲೋಮೀಟರ್ ನಡೆದೆವು. ಸಂಡೂರಿನಲ್ಲಿ ಗಣಿ ಪೂರ್ತಿ ನಿಂತಿಲ್ಲ, ಲೈಸೆನ್ಸ್ ಇರುವವು ಓಡುತ್ತಿವೆ. ಟಿಪ್ಪರ್ ಮೇಲೆ ಟಿಪ್ಪರ್. ಒಂದು ಹೋದ ಮೇಲೆ ಧೂಳಿನಲ್ಲಿ ಮುಂದಿನವರ ಬೆನ್ನು ಕಾಣುತ್ತಿರಲಿಲ್ಲ. ಮಗನ ಒಂದು ಕಾಲಿಗೆ ನಾದಿನಿ ತನ್ನ ದುಪಟ್ಟಾ ಸುತ್ತಿದ್ದಳು. ಅದರ ಕೆಂಪು ಎಷ್ಟು ತೊಳೆದರೂ ಹೋಗಿಲ್ಲ. ಕುಡಿಯುವ ನೀರು ಹನ್ನೊಂದಕ್ಕೇ ಮುಗಿದಿತ್ತು.

ಮರುದಿನ ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಮೇಡಂ, ನೀವು ಫಾರಂಗೆ ಸಹಿ ಹಾಕಿದ್ದೀರಲ್ಲ" ಎಂದರು. ಹೌದು, ಹಾಕಿದ್ದೇನೆ. ಗುಡ್ಡ ಹತ್ತುವಾಗ ಕಾಲು ಉಳುಕಿದರೆ, ಬಿದ್ದು ಗಾಯವಾದರೆ ನಾನೇ ಹೊಣೆ ಎಂದು ಹಾಕಿದ್ದೇನೆ. ಗಣಿ ಗುಂಡಿಯನ್ನು ಸರೋವರ ಅಂತ ಹೇಳಿ ನನ್ನ ಮಗನನ್ನು ದಡಕ್ಕೆ ಕಳಿಸಿ ಎಂದು ನಾನು ಎಲ್ಲೂ ಸಹಿ ಹಾಕಿಲ್ಲ.

ನಾನು ಕೇಳುವುದು ಇಷ್ಟು. ಜಾಹೀರಾತಿನಿಂದ ಸರೋವರ, ಈಜು ಎಂಬ ಮಾತುಗಳನ್ನು ಇವತ್ತೇ ತೆಗೆಯಿರಿ. ಅಲ್ಲಿ ಹಳೆ ಗಣಿ ಗುಂಡಿ ಇದೆ, ಹತ್ತಿರ ಹೋಗಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಇದುವರೆಗೆ ಈ ಚಾರಣಕ್ಕೆ ಬಂದವರೆಲ್ಲರಿಗೂ ಒಂದು ಮೆಸೇಜ್ ಕಳಿಸಿ, ಯಾಕೆಂದರೆ ಅವರಲ್ಲಿ ಕೆಲವರು ತಾವಾಗಿ ಮಕ್ಕಳನ್ನು ಕರೆದುಕೊಂಡು ಮತ್ತೆ ಹೋಗಬಹುದು. ಈ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದಿದ್ದರೆ ಅದರ ಪ್ರತಿ ನನಗೆ ಕಳಿಸಿ. ನಮ್ಮ 4,800 ರೂಪಾಯಿ ಪೂರ್ತಿ ವಾಪಸ್ ಕೊಡಿ.

ಚಾರಣವನ್ನೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆ ಗುಡ್ಡಗಳನ್ನು ಜನ ನೋಡಬೇಕು. ನಾರಿಹಳ್ಳ, ಪಾರ್ವತಿ ಗುಡಿಯ ಹಳೆ ಕಲ್ಲು ಕೆಲಸ, ಲಂಬಾಣಿ ಹೆಣ್ಣುಮಕ್ಕಳ ಕಸೂತಿ, ಇವುಗಳ ಜೊತೆ ಗಣಿ ಮಾಡಿದ ಗಾಯವನ್ನೂ ನೋಡಬೇಕು. ದೂರ ನಿಂತು, ನಿಜ ತಿಳಿದು ನೋಡಬೇಕು. ಅದಕ್ಕೆ ಅಲ್ಲಿನ ಹಳ್ಳಿಯವರನ್ನೇ ಗೈಡ್ ಮಾಡಿಕೊಳ್ಳಿ. ಕೆಲಸ ಹೋದ ಮೈನ್ಸ್ ಜನ ಅಲ್ಲಿ ಬೇಕಾದಷ್ಟಿದ್ದಾರೆ. ಯಾವ ಮಣ್ಣು ಗಟ್ಟಿ, ಯಾವುದು ಪೊಳ್ಳು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನಾನಿರುವ ಊರಿನಲ್ಲೇ ದೂರು ಕೊಡಬಹುದು, ನಿಮ್ಮ ಬೆಂಗಳೂರಿಗೆ ಬರಬೇಕಿಲ್ಲ. ಮುಂದಿನ ಚಾರಣ ಇದೇ ತಿಂಗಳ ಕೊನೆಗೆ ಎಂದು ನಿಮ್ಮ ಜಾಹೀರಾತಿನಲ್ಲಿದೆ. ಜಾಹೀರಾತು ಬದಲಿಸಲು ಮಾತ್ರ 15 ದಿನ ಕಾಯಬೇಡಿ.

ಇಂತಿ,
(ಸಹಿ)
ಬಳ್ಳಾರಿ

ಜೊತೆಗಿರುವುವು: ಹಣ ಕಟ್ಟಿದ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಗುಂಡಿಯ ದಡ ಮತ್ತು ಡಂಪ್ ಕೊರಕಲಿನ ನಾಲ್ಕು ಫೋಟೋ