ಸಂದೀಪನಿಗೆ, ಆ ಮಾರತ್ತಹಳ್ಳಿ ಫ್ಲ್ಯಾಟಿನ ವಿಚಾರ

ವಿಜಯನಗರ, ಬೆಂಗಳೂರು
ಜುಲೈ 2021

ಪ್ರೀತಿಯ ಸಂದೀಪ,

ಅತ್ತೆಯ ಆಶೀರ್ವಾದ. ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಫ್ಲ್ಯಾಟ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಬಾಲ್ಕನಿ ದೊಡ್ಡದು, ಅಡುಗೆಮನೆಗೆ ಬೆಳಕು ಬರುತ್ತದೆ. ಆದರೆ ನೀನು ಆ ಬಾಲ್ಕನಿಯಲ್ಲಿ ಕೂರುವವನಲ್ಲ, ಬಾಡಿಗೆಗೆ ಬಿಡೋಣ ಅಂತ ಕೊಳ್ಳುತ್ತಿರುವವನು. ಹಾಗಾಗಿ ಫೋಟೋ ಪಕ್ಕಕ್ಕಿಡು, ಲೆಕ್ಕ ಮಾತಾಡೋಣ. ಫೋನಿನಲ್ಲಿ ಹೇಳಿದರೆ "ಹೂಂ ಅತ್ತೆ, ಹೂಂ ಅತ್ತೆ" ಅಂದುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಬಡ್ಡಿ ಕಡಿಮೆ, ಬೆಲೆಯೂ ಇಳಿದಿದೆ, ಕೊಳ್ಳಲು ಇದೇ ಸಮಯ ಅಂತ ನೀನು ಹೇಳುವುದರಲ್ಲಿ ಸುಳ್ಳೇನಿಲ್ಲ. ರಿಸರ್ವ್ ಬ್ಯಾಂಕ್ ಕಳೆದ ವರ್ಷ ಮೇ ತಿಂಗಳಲ್ಲಿ ರೆಪೋ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, 4%ಕ್ಕೆ ಇಳಿಸಿತು, ಇನ್ನೂ ಅಲ್ಲೇ ಇದೆ. ಮನೆ ಸಾಲ 7%ಕ್ಕೆ ಸಿಗುತ್ತಿದೆ, ಕೆಲವು ಬ್ಯಾಂಕಲ್ಲಿ ಅದಕ್ಕೂ ಕಡಿಮೆ. ನಿನ್ನ ಮಾವ ಈ ಮನೆ ಕಟ್ಟುವಾಗ ಇಂಥ ಬಡ್ಡಿಯನ್ನು ಕನಸಲ್ಲೂ ಕಂಡಿರಲಿಲ್ಲ. ಮಾರುವವರಿಗೂ ಅವಸರ, ಬೆಲೆ ಇಳಿಸಿದ್ದಾರೆ. ಎಲ್ಲ ಸರಿ. ಆದರೆ ಯಾಕೆ ಇಳಿಸಿದರು ಅಂತ ಕೇಳಿದೆಯಾ? ಆ ಫ್ಲ್ಯಾಟ್ ಹೋದ ವರ್ಷ ಕೊರೋನಾ ಬಂದಾಗಿನಿಂದ ಖಾಲಿ ಇದೆ ಅಂತ ನೀನೇ ಬರೆದಿದ್ದೀಯ. ಬಾಡಿಗೆಗೆ ಜನ ಸಿಗದೆ ಅವರು ಮಾರುತ್ತಿದ್ದಾರೆ, ಬಾಡಿಗೆಗೆ ಕೊಡೋಣ ಅಂತ ನೀನು ಕೊಳ್ಳುತ್ತಿದ್ದೀಯ!

70 ಲಕ್ಷ ಅಂದೆಯಲ್ಲ, ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ 5%, ಸೆಸ್ಸು ಸರ್‌ಚಾರ್ಜು ಸೇರಿ 5.6% ಆಗುತ್ತದೆ, ರಿಜಿಸ್ಟ್ರೇಷನ್ 1%. ಅಲ್ಲಿಗೆ 4 ಲಕ್ಷದ 62 ಸಾವಿರ. ಸರ್ಕಾರ ಸ್ಟ್ಯಾಂಪ್ ಡ್ಯೂಟಿ ಇಳಿಸಿದೆ ಅಂತ ನಿನ್ನ ಬ್ರೋಕರ್ ಹೇಳಿದ್ದು 45 ಲಕ್ಷದ ಒಳಗಿನ ಮನೆಗಳಿಗೆ, ನಿನಗಲ್ಲ. ಬ್ಯಾಂಕಿನವರು 80% ಸಾಲ ಕೊಟ್ಟರೂ 56 ಲಕ್ಷ. ಉಳಿದ 14 ಲಕ್ಷ ನೀನು ಹಾಕಬೇಕು, ರಿಜಿಸ್ಟ್ರೇಷನ್ ಖರ್ಚೂ ನಿನ್ನದೇ. ಅಂದರೆ ಕೈಯಿಂದ ಹದಿನೆಂಟೂವರೆ ಲಕ್ಷಕ್ಕೂ ಜಾಸ್ತಿ ಹೋಯಿತು. ಇಪ್ಪತ್ತು ವರ್ಷಕ್ಕೆ 7%ರಂತೆ ತಿಂಗಳ ಕಂತು, ಅದೇ ಇಎಂಐ, ಸುಮಾರು 43,400 ಬರುತ್ತದೆ. ಬಾಡಿಗೆ ಎಷ್ಟು? ಬ್ರೋಕರ್ ಹೇಳಿದ 25 ಸಾವಿರ 2019ರ ಬಾಡಿಗೆ. ಈಗ 20 ಸಾವಿರಕ್ಕೆ ಯಾರಾದರೂ ಬಂದರೆ ಪುಣ್ಯ. ವರ್ಷಕ್ಕೆ 2 ಲಕ್ಷ 40 ಸಾವಿರ. ಮೊದಲ ವರ್ಷ ಬ್ಯಾಂಕಿಗೆ ಬಡ್ಡಿಯೇ ಹತ್ತಿರ ಹತ್ತಿರ 3 ಲಕ್ಷ 90 ಸಾವಿರ ಹೋಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಬಾಡಿಗೆ ಮನೆಗೆ ಬಿಬಿಎಂಪಿ ತೆರಿಗೆ ದರ ಸ್ವಂತ ವಾಸದ ಮನೆಗಿಂತ ಜಾಸ್ತಿ. ಮನೆ ಖಾಲಿಯಿದ್ದರೂ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಕಟ್ಟಬೇಕು, ಆ ಕಡೆ ಬಹಳ ಕಡೆ ಟ್ಯಾಂಕರ್ ನೀರೇ ಗತಿ, ಅದೂ ಅದರಲ್ಲೇ ಬರುತ್ತದೆ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಜೊತೆಗೆ, ನಿನ್ನ ಸಾಲ ರೆಪೋ ದರದ ಜೊತೆಗೇ ಏರಿಳಿಯುವ ಸಾಲ. ಇಳಿದಾಗ ಬೇಗ ಇಳಿದ ಹಾಗೆ ಏರಿದಾಗಲೂ ಬೇಗ ಏರುತ್ತದೆ. ಮುಂದೆ 9% ಆಯಿತು ಅಂತಿಟ್ಟುಕೋ, ಅದೇ ಕಂತು 50 ಸಾವಿರ ದಾಟುತ್ತದೆ, ಅಥವಾ ಕಂತು ಅಷ್ಟೇ ಇಟ್ಟು ವರ್ಷಗಳನ್ನು ಎಳೆಯುತ್ತಾರೆ.

"ಟ್ಯಾಕ್ಸ್ ಉಳಿಯುತ್ತೆ ಅತ್ತೆ" ಅನ್ನುತ್ತೀಯ, ಗೊತ್ತು. ಉಳಿಯುತ್ತದೆ. ಬಾಡಿಗೆಯಲ್ಲಿ 30% ರಿಪೇರಿಗೆ ಅಂತ ಸುಮ್ನೆ ಕಳೆಯಬಹುದು, ಬಡ್ಡಿಯನ್ನೂ ಕಳೆಯಬಹುದು. ಆದರೆ ಮನೆಯಿಂದ ಆದ ನಷ್ಟವನ್ನು ಸಂಬಳದ ಎದುರು ತೋರಿಸಲು ವರ್ಷಕ್ಕೆ 2 ಲಕ್ಷದ ಮಿತಿ ಇದೆ, ಉಳಿದದ್ದು ಮುಂದಿನ 8 ವರ್ಷಕ್ಕೆ ಹೋಗುತ್ತದೆ, ಆಗಲೂ ಮನೆಯ ಆದಾಯದಲ್ಲಿ ಮಾತ್ರ ಕಳೆಯಬಹುದು. ಹೊಸ ಪದ್ಧತಿಯ ತೆರಿಗೆ ಆರಿಸಿಕೊಂಡರೆ ಸಂಬಳದ ಎದುರು ಅದೂ ಇಲ್ಲ. ತೆರಿಗೆ ಉಳಿಸಲು ಅದಕ್ಕಿಂತ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಯಾವ ಜಾಣತನವೋ, ನನಗಂತೂ ಅರ್ಥವಾಗುವುದಿಲ್ಲ.

ಈ ಲೆಕ್ಕವೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ, ಕಂಪ್ಯೂಟರಿನಲ್ಲಿ ಕೂತರೆ ನನಗಿಂತ ಚೆನ್ನಾಗಿ ಮಾಡುತ್ತೀಯ. ನಾನು ಹೇಳಬೇಕೆಂದಿರುವುದು ಬೇರೆ. ಹೋದ ವರ್ಷ ಮನೆಯಿಂದಲೇ ಕೆಲಸ ಅಂತಾದಾಗ ನೀನೇ ಬಿಟಿಎಂ ಲೇಔಟಿನ ರೂಮು ಖಾಲಿ ಮಾಡಿ ಹಾಸನ ಸೇರಿದೆ. ಅಮ್ಮನ ಕೈ ಊಟ, ಬಾಡಿಗೆ ಉಳಿತಾಯ ಅಂತ ಖುಷಿಯಾಗಿದ್ದೀಯ. ಆ ಮಾರತ್ತಹಳ್ಳಿ ಫ್ಲ್ಯಾಟಿಗೆ ಬಾಡಿಗೆಗೆ ಬರಬೇಕಾದವನು ಯಾರು? ನಿನ್ನಂಥವನೇ ಅಲ್ವಾ? ಅವನೂ ಈಗ ವಿಶಾಖಪಟ್ಟಣದಲ್ಲೋ ಧಾರವಾಡದಲ್ಲೋ ಅಮ್ಮನ ಕೈ ಊಟ ಮಾಡುತ್ತಿದ್ದಾನೆ. ನಿನ್ನ ಸಂಬಳ ಐಟಿಯಿಂದ, ಅವನ ಸಂಬಳ ಐಟಿಯಿಂದ, ಆ ಫ್ಲ್ಯಾಟಿನ ಬೆಲೆಯೂ ಪಕ್ಕದ ಔಟರ್ ರಿಂಗ್ ರೋಡಿನ ಐಟಿ ಕಂಪನಿಗಳಿಂದ. ನಾಳೆ ಏನೋ ಆಗಿ ಆ ಕಂಪನಿಗಳಿಗೆ ಪೆಟ್ಟು ಬಿದ್ದರೆ ನಿನ್ನ ಕೆಲಸಕ್ಕೂ ಕುತ್ತು, ಬಾಡಿಗೆಯೂ ಇಲ್ಲ, ಮಾರೋಣ ಅಂದರೆ ಬೆಲೆಯೂ ಇಲ್ಲ, ಮೂರೂ ಒಂದೇ ತಿಂಗಳಲ್ಲಿ, ಕಂತು ಮಾತ್ರ ಐದನೇ ತಾರೀಖು ತಪ್ಪದೆ ಬರುತ್ತದೆ.

ಕಂತು ಮುಂದೂಡುವ ಮೊರಟೋರಿಯಂ ಮತ್ತೆ ಕೊಡುತ್ತಾರೆ ಅನ್ನಬೇಡ. ಹೋದ ವರ್ಷ ಮಾರ್ಚಿನಿಂದ ಆಗಸ್ಟ್‌ವರೆಗೆ ಕೊಟ್ಟರು, ಬಡ್ಡಿ ಬೆಳೆಯುತ್ತಲೇ ಇತ್ತು. ಮಾಫಿ ಆಗಿದ್ದು ಬಡ್ಡಿಯ ಮೇಲಿನ ಬಡ್ಡಿ ಮಾತ್ರ. ಈ ವರ್ಷ ಎರಡನೇ ಅಲೆ ಅಷ್ಟು ಭಯಂಕರವಾಗಿ ಬಂದರೂ ಎಲ್ಲರಿಗೂ ಒಟ್ಟಿಗೆ ಅಂಥದ್ದು ಬರಲಿಲ್ಲ, ಬೇಕಾದವರು ಬ್ಯಾಂಕಿಗೆ ಹೋಗಿ ಸಾಲ ಮರುಹೊಂದಾಣಿಕೆ ಮಾಡಿ ಅಂತ ಕೇಳಿಕೊಳ್ಳಬೇಕಾಯಿತು.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ ಕೇಳು. ಮೇಲಿನ ಮೂರು ಮನೆಯಲ್ಲಿ ಒಂದರಲ್ಲಿ ಆಸ್ಪತ್ರೆಯ ನರ್ಸು, ಒಂದರಲ್ಲಿ ಸ್ಕೂಲ್ ವ್ಯಾನ್ ಓಡಿಸುವವನ ಸಂಸಾರ, ಮೇಲ್ಗಡೆ ಮೂರು ಜನ ಸಾಫ್ಟ್‌ವೇರ್ ಹುಡುಗರು. ಬಾಡಿಗೆ ಜಾಸ್ತಿ ಕೊಡುತ್ತಿದ್ದವರು ಹುಡುಗರೇ. ಲಾಕ್‌ಡೌನ್ ಆಗುವ ಹಿಂದಿನ ವಾರ "ಹದಿನೈದು ದಿನಕ್ಕೆ ಬರ್ತೀವಿ ಆಂಟಿ" ಅಂತ ಒಂದೊಂದು ಬ್ಯಾಗು ಹಿಡಿದು ಊರಿಗೆ ಹೋದರು. ಆಮೇಲೆ ಬರಲೇ ಇಲ್ಲ. ಕೊನೆಗೊಂದು ದಿನ ಖಾಲಿ ಮಾಡುತ್ತೇವೆ ಅಂತ ಫೋನು. ಖಾಲಿ ಮಾಡುವುದು ಹೇಗೆ, ಅವರು ಅಲ್ಲಿ, ಸಾಮಾನು ಇಲ್ಲಿ? ನಾನೇ ಬೀಗ ತೆಗೆದು, ಮಾಸ್ಕ್ ಹಾಕಿಕೊಂಡು, ವಿಡಿಯೋ ಕಾಲಿನಲ್ಲಿ ಒಂದೊಂದೇ ತೋರಿಸಿದೆ. ಸರ್ಟಿಫಿಕೇಟ್ ಫೈಲು ಕೊರಿಯರ್ ಮಾಡಿ, ಹಾಸಿಗೆ ಯಾರಿಗಾದರೂ ಕೊಟ್ಟುಬಿಡಿ, ಆ ಕುಕ್ಕರ್ ನೀವೇ ಇಟ್ಟುಕೊಳ್ಳಿ ಅಂದರು. ಸಿಂಕಿನಲ್ಲಿ ತೊಳೆಯದ ಪಾತ್ರೆ ಹಾಗೇ ಇತ್ತು, ಬೂಷ್ಟು ಹಿಡಿದು ಒಣಗಿ ಹೋಗಿತ್ತು, ಅದನ್ನು ತೋರಿಸಿದಾಗ ಮೂವರೂ ಫೋನು ಕಟ್ ಮಾಡಿದರು. ಆ ಮನೆ ತುಂಬಾ ದಿನ ಖಾಲಿ ಇತ್ತು. "ಮನೆ ಬಾಡಿಗೆಗಿದೆ" ಬೋರ್ಡು ನಮ್ಮ ರಸ್ತೆಯಲ್ಲಿ ಗೇಟಿಗೊಂದರಂತೆ ನೇತಾಡುತ್ತಿತ್ತು.

ನರ್ಸು ಹುಡುಗಿ ಒಂದು ತಿಂಗಳೂ ಬಾಡಿಗೆ ತಪ್ಪಿಸಲಿಲ್ಲ. ಪಕ್ಕದ ಮನೆಯವರು ಮಾತ್ರ ಆಸ್ಪತ್ರೆಯಿಂದ ಬರುತ್ತಾಳೆ, ಅವಳನ್ನು ಖಾಲಿ ಮಾಡಿಸಿ ಅಂತ ಬಂದರು. ನಿಮಗೆ ಜ್ವರ ಬಂದರೆ ಯಾರ ಹತ್ತಿರ ಹೋಗುತ್ತೀರಿ ಅಂತ ಕೇಳಿ ಕಳಿಸಿದೆ. ವ್ಯಾನಿನವನಿಗೆ ಸ್ಕೂಲು ಮುಚ್ಚಿದ ಮೇಲೆ ಸಂಪಾದನೆಯೇ ನಿಂತಿತು. ಕೆಲವು ದಿನ ತರಕಾರಿ ಮಾರಿದ. ಕೊಟ್ಟಷ್ಟು ತೆಗೆದುಕೊಂಡೆ, ಉಳಿದದ್ದು ಡೈರಿಯಲ್ಲಿ ಬರೆದಿದೆ, ಬಂದರೆ ಬರಲಿ. ಇದನ್ನು ದಾನ ಧರ್ಮ ಅಂತ ಹೇಳುತ್ತಿಲ್ಲ. ಅವನನ್ನು ಓಡಿಸಿದ್ದರೆ ಆ ಮನೆಗೂ ಬೋರ್ಡು ಹಾಕಬೇಕಿತ್ತು, ಅಷ್ಟೇ. ಮೂರೂ ಮನೆಯವರು ಐಟಿಯವರೇ ಆಗಿದ್ದರೆ ಮೂರು ಮನೆಯೂ ಖಾಲಿ ಬೀಳುತ್ತಿತ್ತು ಅಲ್ವಾ?

ಬಾಡಿಗೆಗೆ ಬರುವವರು ಕೊಡುವ ಅಡ್ವಾನ್ಸ್ ವಿಚಾರ ನಿನ್ನ ಲೆಕ್ಕದಲ್ಲಿ ಎಲ್ಲೂ ಇಲ್ಲ, ಇದ್ದರೂ ಆದಾಯದ ಕಡೆ ಇದೆ. ಹತ್ತು ತಿಂಗಳ ಅಡ್ವಾನ್ಸ್ ಬಂದರೆ ಅದರಲ್ಲಿ ಮಾಡ್ಯುಲರ್ ಕಿಚನ್ ಮಾಡಿಸುತ್ತೇನೆ ಅಂತ ಬರೆದಿದ್ದೀಯ. ಖಂಡಿತ ಬೇಡ. ಅದು ನಿನ್ನ ದುಡ್ಡಲ್ಲ, ಅವರು ಖಾಲಿ ಮಾಡುವಾಗ ವಾಪಸ್ ಕೊಡಬೇಕಾದದ್ದು. ಮಾಮೂಲಿ ಕಾಲದಲ್ಲಿ ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ, ಹೊಸಬನ ಅಡ್ವಾನ್ಸಿನಲ್ಲಿ ಹಳಬನದು ತೀರಿಸುತ್ತಾರೆ, ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿದುಕೊಳ್ಳುತ್ತಾರೆ, ಬೆಂಗಳೂರೆಲ್ಲ ನಡೆಯುತ್ತಿದ್ದದ್ದು ಹೀಗೆಯೇ. 2020ರಲ್ಲಿ ಎಲ್ಲರೂ ಒಟ್ಟಿಗೆ ಹೋದರು, ಹೊಸಬರು ಬರಲಿಲ್ಲ. ನಮ್ಮ ಹಿಂದಿನ ರಸ್ತೆಯಲ್ಲಿ ನಾಲ್ಕು ಮನೆ ಬಾಡಿಗೆಗೆ ಬಿಟ್ಟವರೊಬ್ಬರು ಅಡ್ವಾನ್ಸ್ ದುಡ್ಡನ್ನೆಲ್ಲ ಮಗಳ ಮದುವೆಗೆ ಹಾಕಿದ್ದರು. ನಾಲ್ಕೂ ಮನೆ ಖಾಲಿಯಾದಾಗ ಕೈಸಾಲ ಮಾಡಿ ವಾಪಸ್ ಕೊಟ್ಟರು, ಅದಕ್ಕೆ ಈಗಲೂ ಬಡ್ಡಿ ಕಟ್ಟುತ್ತಿದ್ದಾರೆ. ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ದೊಡ್ಡ ಮೊತ್ತ ತೆಗೆದುಕೊಂಡು ಭೋಗ್ಯಕ್ಕೆ ಕೊಟ್ಟವರ ಪಾಡು ಇನ್ನೂ ಕಷ್ಟ, ಅಲ್ಲಿ ವಾಪಸ್ ಕೊಡಬೇಕಾದದ್ದು ಲಕ್ಷಗಟ್ಟಲೆ. ಈಗ ಕೇಂದ್ರದವರು ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿದ್ದಾರೆ, ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮಾತ್ರ. ರಾಜ್ಯ ಸರ್ಕಾರ ಅದನ್ನು ತಂದರೆ ಹತ್ತು ತಿಂಗಳ ಮಾತು ಮುಗಿಯಿತು. ಎಷ್ಟು ಬಂದರೂ ಬೇರೆ ಎಫ್‌ಡಿಯಲ್ಲಿ ಹಾಕಿಡು, ಮುಟ್ಟಬೇಡ.

ಇನ್ನು ಮಾರುವವರು ಅಮೆರಿಕದಲ್ಲಿದ್ದಾರೆ ಅಂದೆಯಲ್ಲ, ಇಲ್ಲಿ ಸ್ವಲ್ಪ ಹುಷಾರು. ಇಲ್ಲಿಯವರಿಂದ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯ ಮನೆ ಕೊಂಡರೆ ಅವರಿಗೆ ಕೊಡುವ ದುಡ್ಡಿನಲ್ಲೇ 1% ತೆರಿಗೆ, ಅದೇ ಟಿಡಿಎಸ್, ಹಿಡಿದು ಸರ್ಕಾರಕ್ಕೆ ಕಟ್ಟಿದರೆ ಸಾಕು. ಎನ್‌ಆರ್‌ಐ ಆದರೆ ಆ 1% ನಡೆಯುವುದಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಮನೆಗೆ 20%, ಮೇಲೆ ಸರ್‌ಚಾರ್ಜು ಸೆಸ್ಸು, ಹಾಗೆ ತೆರಿಗೆ ಹಿಡಿಯಲು ಬೇಕಾದ ಟ್ಯಾನ್ ನಂಬರ್ ಬೇರೆ ನೀನು ಮಾಡಿಸಬೇಕು. ಅವರು ಇನ್‌ಕಮ್ ಟ್ಯಾಕ್ಸ್‌ನವರಿಂದ ಕಡಿಮೆ ದರದ ಸರ್ಟಿಫಿಕೇಟ್ ತಂದರೆ ಆಯಿತು, ಇಲ್ಲದಿದ್ದರೆ ಹಿಡಿಯದೆ ಬಿಟ್ಟ ತೆರಿಗೆ ನಿನ್ನ ತಲೆಗೆ ಬರುತ್ತದೆ. ಬ್ರೋಕರ್ "ಅದೆಲ್ಲ ನೋಡ್ಕೊಳ್ತೀವಿ ಸಾರ್" ಅನ್ನುತ್ತಾನೆ. ಒಳ್ಳೆ ಆಡಿಟರ್ ಹಿಡಿ. ಪವರ್ ಆಫ್ ಅಟಾರ್ನಿ ಮೇಲೆ ಇಲ್ಲಿ ಯಾರೋ ಸಹಿ ಹಾಕುವುದಾದರೆ ಆ ಪತ್ರ ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಮಾರುವವರನ್ನೇ ವಿಡಿಯೋ ಕಾಲಿನಲ್ಲಿ ಮಾತಾಡಿಸು. ಪಾಲಿಕೆಯ ದಾಖಲೆಯಲ್ಲಿ ಎಲ್ಲ ಸರಿಯಿರುವ ಎ ಖಾತೆಯಾ ಅಥವಾ ಬಿ ಖಾತೆಯಾ, ವಾಸಕ್ಕೆ ಒಪ್ಪಿಗೆ ಕೊಡುವ ಪತ್ರ ಓಸಿ ಇದೆಯಾ ನೋಡು, ಮನೆಯ ಮೇಲೆ ಸಾಲ ಇದೆಯಾ ಅಂತ ತಿಳಿಸುವ ಋಣಭಾರ ಪತ್ರ ಇಸಿಯನ್ನು ಸರ್ಕಾರದ ಕಾವೇರಿ ಆನ್‌ಲೈನಿನಲ್ಲಿ ತೆಗೆಸು. ಇದು ನಿನಗೆ ಗೊತ್ತೇ ಇದೆ, ಬಿಡು.

ಹಾಗಾದರೆ ಬೇಡವೇ ಬೇಡ ಅನ್ನುತ್ತಿದ್ದೇನಾ? ಇಲ್ಲ. ಆಫೀಸುಗಳು ಒಂದು ದಿನ ತೆರೆಯುತ್ತವೆ, ಹುಡುಗರು ವಾಪಸ್ ಬರುತ್ತಾರೆ, ಬಾಡಿಗೆ ಏರುತ್ತದೆ. ನನ್ನ ನಂಬಿಕೆಯೂ ಅದೇ. ಮೆಟ್ರೋ ಬರುತ್ತದೆ ಅಂತ ಬ್ರೋಕರ್ ಹೇಳಿದ್ದೂ ಸುಳ್ಳಲ್ಲ, ಔಟರ್ ರಿಂಗ್ ರೋಡಿನ ಮಾರ್ಗಕ್ಕೆ ಏಪ್ರಿಲ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಆದರೆ ಬೆಂಗಳೂರಿನಲ್ಲಿ ಮೆಟ್ರೋ ಯಾವಾಗ ಬರುತ್ತದೆ ಅಂತ ಕಾದವರನ್ನು ಕೇಳು! ಅಲ್ಲಿಯವರೆಗೆ ನೀನು ತಡೆಯಬೇಕಲ್ಲ. ಒಂದು ವರ್ಷ ಬಾಡಿಗೆ ಒಂದು ರೂಪಾಯಿ ಬರದಿದ್ದರೂ, ಕಂಪನಿಯವರು ಸಂಬಳ ಕಡಿತ ಮಾಡಿದರೂ, ಕಂತು ಕಟ್ಟುವಷ್ಟು ದುಡ್ಡು ಬೇರೆ ಕಡೆ ಇದ್ದರೆ ಕೊಳ್ಳು. ನಿನ್ನ ಇಎಂಐಗೆ ಅದು ಐದು ಲಕ್ಷದ ಮೇಲೆ. ಕೈಯಲ್ಲಿರುವುದನ್ನೆಲ್ಲ ಡೌನ್ ಪೇಮೆಂಟಿಗೆ ಸುರಿದು, ಅಪ್ಪನ ಪಿಎಫ್ ದುಡ್ಡನ್ನೂ ಸೇರಿಸಿ ಕೊಳ್ಳುವುದಾದರೆ ನಾನು ಒಪ್ಪುವುದಿಲ್ಲ. ಆ ದುಡ್ಡು ಅಣ್ಣ ಅತ್ತಿಗೆಯದು. ಹಿರಿಯರ ಉಳಿತಾಯ ಯೋಜನೆಯಲ್ಲಿ ಇಟ್ಟರೆ 7.4% ಬರುತ್ತಿದೆ, ಅಲ್ಲೇ ಇರಲಿ. ಈ ಮೇ ತಿಂಗಳಲ್ಲಿ ಆಸ್ಪತ್ರೆ ಬಿಲ್ಲುಗಳನ್ನು ನೋಡಿದ ಮೇಲೂ ಇದನ್ನು ಬಿಡಿಸಿ ಹೇಳಬೇಕಾ?

ಬಾಡಿಗೆಗೇ ಅಂತ ಕೊಳ್ಳುವುದಾದರೆ ನಾನು ನಿನ್ನ ಜಾಗದಲ್ಲಿದ್ದರೆ ಚಿಕ್ಕದನ್ನು ನೋಡುತ್ತಿದ್ದೆ. ಒಂದು ಬೆಡ್‌ರೂಮಿನದು, ಆಸ್ಪತ್ರೆ, ಕಾಲೇಜು, ಮಾರ್ಕೆಟ್ಟು, ಬಸ್‌ಸ್ಟ್ಯಾಂಡ್ ಎಲ್ಲ ಇರುವ ಹಳೇ ಬಡಾವಣೆಯಲ್ಲಿ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಸ್ವಿಮ್ಮಿಂಗ್ ಪೂಲ್ ಇರುವುದಿಲ್ಲ. ಆದರೆ ಮೇಷ್ಟ್ರು ಬರುತ್ತಾರೆ, ಅಂಗಡಿಯವರು ಬರುತ್ತಾರೆ, ಬ್ಯಾಂಕಿನ ಗುಮಾಸ್ತ ಬರುತ್ತಾನೆ. ಒಂದು ಕಸುಬು ಕೂತರೂ ಇನ್ನೊಂದು ನಡೆಯುತ್ತಿರುತ್ತದೆ. ನಿನ್ನ ಸಂಬಳ ಹೇಗೂ ಐಟಿಯಿಂದ ಬರುತ್ತದೆ, ಬಾಡಿಗೆಯಾದರೂ ಬೇರೆ ಕಡೆಯಿಂದ ಬರಲಿ.

ಹೇಗೂ ಈಗ ಆಷಾಢ, ಟೋಕನ್ ಅಡ್ವಾನ್ಸ್ ಕೊಡು ಅಂತ ಬ್ರೋಕರ್ ಅವಸರ ಮಾಡಿದರೆ ಅತ್ತೆ ಬೇಡ ಅಂದರು ಅಂತ ಹೇಳು, ಯಾರೂ ತಪ್ಪು ತಿಳಿಯುವುದಿಲ್ಲ. ಶ್ರಾವಣದವರೆಗೆ ಟೈಮಿದೆ. ಅಷ್ಟರಲ್ಲಿ ಒಂದು ಕೆಲಸ ಮಾಡು. ಹಾಸನದಿಂದ ಒಂದು ದಿನ ಬಂದು ಆ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನ ಹತ್ತಿರ ಮಾತಾಡು, ರಾತ್ರಿ ಎಂಟು ಗಂಟೆ ಹೊತ್ತಿಗೆ ಹೋಗಿ ಎಷ್ಟು ಮನೆಯಲ್ಲಿ ದೀಪ ಉರಿಯುತ್ತದೆ ನೋಡು. ಅಸೋಸಿಯೇಷನ್ ಸೆಕ್ರೆಟರಿಯ ಹತ್ತಿರ ಎಷ್ಟು ಫ್ಲ್ಯಾಟಿನ ಮೇಂಟೆನೆನ್ಸ್ ಬಾಕಿ ಇದೆ, ನೀನು ಕೊಳ್ಳುವ ಫ್ಲ್ಯಾಟಿನದು ಎಷ್ಟು ಬಾಕಿ ಇದೆ ಅಂತ ಕೇಳು. ಅವತ್ತು ರಾತ್ರಿ ಇಲ್ಲೇ ಉಳಿದುಕೋ, ಮೇಲ್ಗಡೆ ಮನೆಗೆ ಈಗ ಕಾಲೇಜಿನ ಲೆಕ್ಚರರ್ ಒಬ್ಬರು ಬಂದಿದ್ದಾರೆ, ನೀನು ನಮ್ಮ ಹಾಲಿನಲ್ಲೇ ಮಲಗಬೇಕು. ಬರುವ ಮೊದಲು ಫೋನು ಮಾಡು, ಶನಿವಾರ ಮಾತ್ರ ಬೇಡ, ಅವತ್ತು ನಿನ್ನ ಮಾವನಿಗೆ ಎರಡನೇ ಡೋಸ್ ಹಾಕಿಸಬೇಕು.

ಅಣ್ಣನಿಗೂ ಅತ್ತಿಗೆಗೂ ನಮಸ್ಕಾರ ತಿಳಿಸು.

ಇಂತಿ,
ನಿನ್ನ ವಿಜಯನಗರದ ಅತ್ತೆ