ಸೋಫಾ ಮೇಲೆ ಉಪ್ಪಿನಕಾಯಿ ಎಣ್ಣೆ: ಮಗಳಿಗೊಂದು ಪತ್ರ

ಪುಟ್ಟಿ,

ಮೊದಲು ಆ ಸೋಪಿನ ಪುಡಿ ಡಬ್ಬ ಮುಚ್ಚಿಡು. ಬಿಸಿನೀರೂ ಬೇಡ. ಫೋಟೊ ನೋಡಿದೆ. ನಡುವೆ ಮೆಣಸಿನಪುಡಿ ಕೆಂಪು, ಅಂಚಿಗೆ ಅರಿಶಿನದ ಹಳದಿ, ಸುತ್ತ ಅಂಗೈಯಗಲ ಎಣ್ಣೆ. ಓನರ್ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ತಾರೆ ಅಂತ ಹೆದರಿದ್ದೀಯ, ಗೊತ್ತು. ಹೆದರಿಕೆಯಲ್ಲಿ ಎಲ್ಲರೂ ಮಾಡೋದು ಒಂದೇ ಕೆಲಸ, ಒದ್ದೆ ಬಟ್ಟೆ ತಗೊಂಡು ಗಸಗಸ ಉಜ್ಜೋದು. ಉಜ್ಜಿದರೆ ಎಣ್ಣೆ ಹೋಗುವುದಿಲ್ಲ, ಬಟ್ಟೆ ದಾಟಿ ಒಳಗಿನ ಫೋಮಿಗೆ ಇಳಿಯುತ್ತದೆ. ಆಮೇಲೆ ನೀನು ಮೇಲೆ ಎಷ್ಟು ಒರೆಸಿದರೂ ಅದು ಕೆಳಗಿಂದ ಬರುತ್ತಲೇ ಇರುತ್ತದೆ.

ಅಮ್ಮ ಈ ಸಲ ಅಪ್ಪೆಮಿಡಿ ಕಳಿಸಿದ್ದರೆ ಇಷ್ಟು ರಗಳೆ ಇರುತ್ತಿರಲಿಲ್ಲ, ಅದು ಉಪ್ಪುನೀರಿನದು. ನಿನಗೆ ಎಣ್ಣೆ ತೇಲುವ ಹೋಳಿನ ಉಪ್ಪಿನಕಾಯೇ ಬೇಕಿತ್ತು!

ಇರಲಿ. ಹೋಳು, ಮಸಾಲೆ ಏನಾದರೂ ಕೂತಿದ್ದರೆ ಚಮಚದಲ್ಲಿ ಮೆಲ್ಲಗೆ ಎತ್ತು. ಟಿಶ್ಯೂ ಇಟ್ಟು ಒತ್ತು, ಎಳೆಯಬೇಡ. ಆಮೇಲೆ ಕಾರ್ನ್‌ಫ್ಲೋರ್ ದಪ್ಪಗೆ ಉದುರಿಸು. ಅದಿಲ್ಲದಿದ್ದರೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರ್ ನಡೆಯುತ್ತದೆ. ಮೈದಾ ಬೇಡ, ಮುಂದೆ ನೀರು ತಾಗಿದರೆ ಅಂಟಾಗುತ್ತದೆ. ಕಡಲೆಹಿಟ್ಟಂತೂ ಬೇಡವೇ ಬೇಡ, ಇರುವ ಹಳದಿ ಸಾಲದೇ? ಕಾಲು ಗಂಟೆಗೆಲ್ಲ ಝಾಡಿಸಬೇಡ, ರಾತ್ರಿ ಪೂರ್ತಿ ಬಿಡು. ಬೆಳಿಗ್ಗೆ ಹತ್ತಿರದಿಂದ ನೋಡು. ಮೇಲಿನ ಪುಡಿ ಬೆಳ್ಳಗೇ ಇರುತ್ತದೆ, ಬಟ್ಟೆಗೆ ತಾಗಿದ ಪದರ ಮಾತ್ರ ಹಳದಿ ತಿರುಗಿ ಸಣ್ಣ ಸಣ್ಣ ಉಂಡೆ ಕಟ್ಟಿರುತ್ತದೆ. ಆ ಉಂಡೆಯಲ್ಲಿರೋದೇ ನಿನ್ನ ಎಣ್ಣೆ. ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ತೆಗೆದು ಹೊಸ ಪುಡಿ ಹಾಕು. ಪುಡಿ ಒಣಗೇ, ಬೆಳ್ಳಗೇ ವಾಪಸ್ ಬರೋ ತನಕ ಇದೇ ಕೆಲಸ. ಬೇಜಾರಿನ ಕೆಲಸ ನಿಜ, ಆದರೆ ಅರ್ಧಕ್ಕಿಂತ ಜಾಸ್ತಿ ಕಲೆ ಇಲ್ಲೇ ಹೋಗುತ್ತದೆ.

ಈಗ ಕುಶನ್ ತಿರುಗಿಸಿ ಹೊಲಿಗೆ ಹತ್ತಿರ ಒಂದು ಚೀಟಿ ಇದೆಯಾ ನೋಡು. ಇಂಗ್ಲಿಷಿನ ಡಬ್ಲ್ಯೂ ಅಕ್ಷರ ಇದ್ದರೆ ನೀರು ಬಳಸಬಹುದು. ಬರೀ ಎಸ್ ಇದ್ದರೆ ನೀರು ತಾಗಿಸಬಾರದು, ಡ್ರೈಕ್ಲೀನಿಂಗ್ ದ್ರಾವಣವೇ ಬೇಕು. ಎರಡೂ ಇದ್ದರೆ ಎರಡೂ ನಡೆಯುತ್ತದೆ. ಎಕ್ಸ್ ಇದ್ದರೆ ವ್ಯಾಕ್ಯೂಮ್ ಬಿಟ್ಟು ಏನೂ ಮಾಡಬೇಡ. ಚೀಟಿಯೇ ಇಲ್ಲದಿದ್ದರೆ ಸೋಫಾ ಹಿಂಬದಿ, ಗೋಡೆ ಕಡೆ ಮೂಲೆಯಲ್ಲಿ ಒಂದು ಚೂರು ಪರೀಕ್ಷೆ ಮಾಡು.

ನೀರು ಆಗುತ್ತದೆ ಅಂತಾದರೆ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಸೋಪಿನ ಕಣದ ಒಂದು ತುದಿ ಎಣ್ಣೆ ಹಿಡಿಯುತ್ತದೆ, ಇನ್ನೊಂದು ತುದಿ ನೀರು ಹಿಡಿಯುತ್ತದೆ, ಹಾಗಾಗಿ ಜಿಡ್ಡು ನೀರಿನ ಜೊತೆ ಎದ್ದು ಬರುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕೆಲವು ಹನಿ ಹಾಕಿ ಚೆನ್ನಾಗಿ ಕಲಕು. ನೀರು ಬೇಡ, ಮೇಲೆ ಬರುವ ನೊರೆ ಮಾತ್ರ ಬಟ್ಟೆಯಲ್ಲಿ ತಗೊಂಡು ಅಂಚಿನಿಂದ ನಡುವಿಗೆ ತಟ್ಟುತ್ತಾ ಬಾ. ಕೊನೆಗೆ ಬರೀ ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಸೋಪು ತೆಗಿ. ಸೋಪು ಉಳಿದರೆ ಅದಕ್ಕೇ ಧೂಳು ಅಂಟಿ ಹೊಸ ಕಲೆ ಆಗುತ್ತದೆ. ಫ್ಯಾನ್ ಹಾಕಿ ಒಣಗಿಸು. ಹೇರ್ ಡ್ರೈಯರ್ ಬೇಡ. ಉಳಿದ ಎಣ್ಣೆಗೆ ಕಾವು ತಾಗಿದರೆ ಅದು ಗಟ್ಟಿಯಾಗಿ ಬಟ್ಟೆಗೇ ಅಂಟಿಕೊಳ್ಳುತ್ತದೆ. ಕಲೆ ಇರುವ ಚೂಡಿದಾರಕ್ಕೆ ಇಸ್ತ್ರಿ ಹಾಕಬಾರದು ಅನ್ನೋದೂ ಇದಕ್ಕೇ.

ಮೆಣಸಿನಪುಡಿಯ ಕೆಂಪು ಎಣ್ಣೆಯಲ್ಲೇ ಕರಗಿರುತ್ತದೆ, ಎಣ್ಣೆ ಜೊತೆ ಬಹುಪಾಲು ಹೋಗುತ್ತದೆ. ಅರಿಶಿನ ಹಾಗಲ್ಲ, ಬಟ್ಟೆಗೇ ಹಿಡಿದುಕೊಳ್ಳುತ್ತದೆ. ಬಟ್ಟೆ ಸೋಪು ಅಪ್ಪಿತಪ್ಪಿ ತಾಗಿದರೆ ಕೆಂಪಗಾಗುತ್ತದೆ, ಗಾಬರಿ ಆಗಬೇಡ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡುತ್ತಾರಲ್ವಾ, ಅದೇ ಇದು. ಸೋಪಿನ ಕ್ಷಾರ ಹೋದರೆ ಮತ್ತೆ ಹಳದಿಗೆ ಬರುತ್ತದೆ. ಅರಿಶಿನಕ್ಕೆ ಬಿಸಿಲೇ ಮದ್ದು. ಕವರ್ ಬಿಚ್ಚಲು ಬಂದರೆ ಬಾಲ್ಕನಿಯಲ್ಲಿ ಹಾಕು, ದಿನೇ ದಿನೇ ಮಾಸುತ್ತದೆ. ಗಾಢ ಬಣ್ಣದ ಬಟ್ಟೆಯಾದರೆ ಬಟ್ಟೆಯ ಬಣ್ಣವೂ ಮಾಸಬಹುದು, ಆಗಾಗ ನೋಡ್ತಿರು.

ಚೀಟಿಯಲ್ಲಿ ಎಸ್ ಅಂತಿದ್ದರೆ ಕೆಲವರು ಪೆಟ್ರೋಲ್, ಸೀಮೆಎಣ್ಣೆ ಹಚ್ಚು ಅಂತಾರೆ. ಮನೆಯೊಳಗೆ ಅದನ್ನು ತರಲೇಬೇಡ.

ಸೋಫಾದಲ್ಲಿ ತಲೆ ಆನಿಸುವ ಜಾಗದ ಕಪ್ಪು ಜಿಡ್ಡು ಬೇರೆ ಕಥೆ. ಅದು ನೀನು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಜೊತೆಗೆ ಧೂಳು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ದೆಹಲಿ ಚಳಿಯಲ್ಲಂತೂ ಕೇಳೋದೇ ಬೇಡ. ಆ ಜಾಗಕ್ಕೆ ನೀರು ಸ್ವಲ್ಪ ಬೆಚ್ಚಗೇ ಇರಲಿ, ಇಲ್ಲದಿದ್ದರೆ ನೊರೆ ಮೇಲೆ ಮೇಲೆ ಜಾರುತ್ತದೆ. ಮುಗಿದ ಮೇಲೆ ಒಂದು ಟವಲ್ ಹಾಸಿಬಿಡು, ಒಗೆಯಲು ಸುಲಭ.

ಹಾಗೇ ನಿನ್ನ ಮೈಸೂರು ಸಿಲ್ಕ್ ಸೀರೆಗೆ ಎಂದಾದರೂ ಎಣ್ಣೆ ಬಿದ್ದರೆ ಇದ್ಯಾವುದನ್ನೂ ಮಾಡಬೇಡ. ಬಟ್ಟೆ ಸೋಪಿನ ಕ್ಷಾರ ರೇಷ್ಮೆಯ ಹೊಳಪು ತಿನ್ನುತ್ತದೆ. ಟಾಲ್ಕಂ ಹಾಕಿ, ಝಾಡಿಸಿ, ಸೀದಾ ಡ್ರೈಕ್ಲೀನಿಂಗ್‌ಗೆ ಕೊಟ್ಟು ಇಂಥ ಕಡೆ ಎಣ್ಣೆ ಬಿದ್ದಿದೆ ಅಂತ ಬೆರಳಿಟ್ಟು ತೋರಿಸು.

ಇಷ್ಟಾಗಿಯೂ ಸೋಫಾ ಕಲೆ ಉಳಿದರೆ ಮನೆಗೇ ಬಂದು ಮೆಷಿನ್‌ನಲ್ಲಿ ಸೋಫಾ ತೊಳೆಯುವವರನ್ನು ಕರೆಸು. ಎಣ್ಣೆ, ಅರಿಶಿನ ಎರಡೂ ಇದೆ, ನೀನು ಏನೇನು ಹಾಕಿದ್ದೀಯ ಅಂತ ಮೊದಲೇ ಹೇಳು. ದುಡ್ಡು ನಾನು ಹಾಕ್ತೀನಿ, ಅಮ್ಮನಿಗೆ ಹೇಳಬೇಡ.

ಅಪ್ಪ